50 ಡಿಗ್ರಿಯ ಪ್ರನಾಳ 37ನ್ನು ಹಿಂದಿಕ್ಕಿದ್ದೇಕೆ? ಜೀರ್ಣಕಿಣ್ವಗಳು ಮತ್ತು ಉಷ್ಣತೆ

ಪ್ರಶ್ನೆ: ಜೊಲ್ಲಿನಲ್ಲಿರುವ, ಪಿಷ್ಟ ಕಡಿಯುವ ಅಮೈಲೇಸ್ ಕಿಣ್ವದ ಮೇಲೆ ಉಷ್ಣತೆಯ ಪರಿಣಾಮವೇನೆಂದು ನೋಡಲು ಐದು ಪ್ರನಾಳಗಳಲ್ಲಿ ಪಿಷ್ಟದ ದ್ರಾವಣಕ್ಕೆ ಜೊಲ್ಲು ಬೆರೆಸಿ, ಅವನ್ನು 0, 20, 37, 50 ಮತ್ತು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟೆ. ಪುಸ್ತಕದ ಪ್ರಕಾರ 37 ಡಿಗ್ರಿಯಲ್ಲಿ ಪಿಷ್ಟ ಎಲ್ಲಕ್ಕಿಂತ ಬೇಗ ಮಾಯವಾಗಬೇಕಿತ್ತು; ನನ್ನಲ್ಲಿ 50 ಡಿಗ್ರಿಯದೇ ಮೊದಲು ಮುಗಿಯಿತು. 80 ಡಿಗ್ರಿಯ ಪ್ರನಾಳಕ್ಕೆ ಬಿಸಿಯಿರುವಾಗಲೇ, ಪಿಷ್ಟವಿದ್ದರೆ ನೀಲಿಯಾಗುವ ಅಯೋಡಿನ್ ಹಾಕಿದೆ, ನೀಲಿ ಬಣ್ಣ ಬರಲಿಲ್ಲ. ಪಿಷ್ಟವೆಲ್ಲ ಜೀರ್ಣವಾಗಿದೆ ಎಂದುಕೊಂಡೆ. ಆದರೆ ತಣ್ಣಗಾದ ಮೇಲೆ ಅದೇ ಪ್ರನಾಳ ಕಡುನೀಲಿಯಾಗಿ ನಿಂತಿತ್ತು. ಜೀರ್ಣವಾದ ಪಿಷ್ಟ ಮತ್ತೆ ಹುಟ್ಟಲು ಸಾಧ್ಯವೇ? 37 ಡಿಗ್ರಿ ಎಂಬುದಕ್ಕೆ ನಿಜವಾದ ಅರ್ಥವೇನು? ಊಟದ ಜೊತೆ ತಣ್ಣೀರು ಕುಡಿದರೆ, ಅಥವಾ ಜ್ವರ ಬಂದರೆ, ಈ ಕಿಣ್ವಗಳು ಕೆಡುತ್ತವೆಯೇ?

ಉತ್ತರ: ನಿಮ್ಮ ಪ್ರಯೋಗದಲ್ಲಿ ಕಂಡ ಎರಡು ವಿಚಿತ್ರಗಳು ಒಂದೇ ಜಾತಿಯವಲ್ಲ. 80 ಡಿಗ್ರಿಯ ಪ್ರನಾಳ ನಿಮಗೆ ತೋರಿಸಿದ್ದು ಅಯೋಡಿನ್ನಿನ ಸ್ವಭಾವವನ್ನು, ಕಿಣ್ವದ ಸ್ವಭಾವವನ್ನಲ್ಲ. 50 ಡಿಗ್ರಿಯ ಪ್ರನಾಳ ತೋರಿಸಿದ್ದಾದರೋ ಕಿಣ್ವದ ನಿಜವಾದ ನಡವಳಿಕೆಯನ್ನೇ. ಅಲ್ಲಿ ತಪ್ಪಿದ್ದು ನೀವಲ್ಲ, ಪುಸ್ತಕದ ವಾಕ್ಯ ಅರ್ಧಕ್ಕೆ ನಿಂತಿದೆ. ಅಯೋಡಿನ್ನಿನ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಸೂಚಕದ ಮೇಲೆ ನಂಬಿಕೆ ಇಲ್ಲದೆ ಮುಂದಿನ ಯಾವ ಮಾತಿಗೂ ನೆಲೆಯಿಲ್ಲ.

ಪಿಷ್ಟದ ಒಂದು ಭಾಗವಾದ ಅಮೈಲೋಸ್ ಗ್ಲೂಕೋಸಿನ ಉದ್ದ ಸರಪಳಿ. ನೀರಿನಲ್ಲಿ ಅಯೋಡಿನ್ ಸಿಕ್ಕಿದಾಗ ಅದು ತಿರುಪಿನಂತೆ ಸುತ್ತಿಕೊಳ್ಳುತ್ತದೆ, ಒಂದೊಂದು ಸುತ್ತಿಗೆ ಸುಮಾರು ಆರು ಗ್ಲೂಕೋಸ್ ಘಟಕಗಳು. ಆ ಸುತ್ತಿನ ಒಳಗಿನ ಪೊಳ್ಳಿನಲ್ಲಿ ಅಯೋಡಿನ್ ಸಾಲಾಗಿ ಕುಳಿತಾಗ ಮಾತ್ರ ನಮಗೆ ಪರಿಚಿತವಾದ ಕಡುನೀಲಿ ಬಣ್ಣ ಕಾಣುತ್ತದೆ. ಬಿಸಿ ಏರಿದಂತೆ ಆ ಸುತ್ತು ಸಡಿಲವಾಗಿ ಅಯೋಡಿನ್ ಹೊರಬೀಳುತ್ತದೆ, ಬಣ್ಣ ಹೋಗುತ್ತದೆ. ತಣಿದಾಗ ಮತ್ತೆ ಒಳಸೇರುತ್ತದೆ, ಬಣ್ಣ ಮರಳುತ್ತದೆ. ಜೊಲ್ಲಿನ ಒಂದು ಹನಿಯೂ ಇಲ್ಲದ ಬರಿಯ ಪಿಷ್ಟದ ದ್ರಾವಣವನ್ನು ಅಯೋಡಿನ್ ಸಮೇತ ಕಾಯಿಸಿ ನೋಡಿದರೂ ಇದೇ ಆಟ ಕಾಣುತ್ತದೆ. ಬಹಳ ಹೊತ್ತು ಕಾಯಿಸಿದರೆ ಅಯೋಡಿನ್ ಆವಿಯಾಗಿ ಹೋಗಿ, ತಣಿದ ಮೇಲೂ ಬಣ್ಣ ಪೂರ್ತಿ ಬಾರದೆ ಇನ್ನಷ್ಟು ಗೊಂದಲವಾಗುತ್ತದೆ. ಹಾಗಾಗಿ ನಿಮ್ಮ ಪ್ರನಾಳದಲ್ಲಿ ಪಿಷ್ಟ ಮತ್ತೆ ಹುಟ್ಟಲಿಲ್ಲ. ಅದು ಅಲ್ಲಿಂದ ಹೋಗಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ, ತಣ್ಣಗಾದ ಮೇಲೆ ಬಂದ ಆ ಕಡುನೀಲಿಯೇ ನಿಮ್ಮ ಪ್ರಯೋಗದ ಒಳ್ಳೆಯ ಸಾಕ್ಷ್ಯಗಳಲ್ಲಿ ಒಂದು: 80 ಡಿಗ್ರಿಯಲ್ಲಿ ಅಮೈಲೇಸ್ ತನ್ನ ಕೆಲಸ ಮುಗಿಸುವ ಮುನ್ನವೇ ಕೆಟ್ಟುಹೋಯಿತು, ಮತ್ತು ತಣಿದ ಮೇಲೂ ಚೇತರಿಸಿಕೊಳ್ಳಲಿಲ್ಲ ಎಂದು ಅದು ಹೇಳುತ್ತಿದೆ. ಅಯೋಡಿನ್ನನ್ನು ಪ್ರನಾಳಕ್ಕೇ ಸುರಿಯುವ ಬದಲು, ಪ್ರತಿ ಬಾರಿ ಒಂದು ಹನಿ ಮಿಶ್ರಣವನ್ನು ತಣ್ಣನೆಯ ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ತೆಗೆದುಕೊಂಡು, ಅದು ತಣಿದ ನಂತರ ಅಯೋಡಿನ್ ಸೇರಿಸುವ ಪದ್ಧತಿ ಇರುವುದು ಈ ಕಾರಣಕ್ಕಾಗಿಯೇ. ಪ್ರತಿ ಉಷ್ಣತೆಗೂ ಜೊಲ್ಲಿಲ್ಲದ ಒಂದು ಜೋಡಿ ಪ್ರನಾಳವನ್ನು ಪಕ್ಕದಲ್ಲಿ ಇಟ್ಟಿದ್ದರೆ ನಿಮಗೆ ಈ ಮೋಸ ಅಲ್ಲೇ ತಿಳಿದುಬಿಡುತ್ತಿತ್ತು.

ಇನ್ನು 0 ಡಿಗ್ರಿಯ ಪ್ರನಾಳ. ಅದರ ಬಗ್ಗೆ ನೀವು ಏನನ್ನೂ ಕೇಳಿಲ್ಲ, ಆದರೆ ಹೆಚ್ಚಿನವರು ತಪ್ಪು ಮಾತನಾಡುವುದು ಅಲ್ಲಿಯೇ. ಮಂಜುಗಡ್ಡೆಯ ನೀರಿನಲ್ಲಿಟ್ಟ ಪ್ರನಾಳ ಅರ್ಧ ಗಂಟೆಯ ನಂತರವೂ ನೀಲಿಯಾಗಿಯೇ ಉಳಿದರೆ, ಚಳಿಗೆ ಕಿಣ್ವ ಸತ್ತಿತು ಎಂದು ಬರೆಯುವವರಿದ್ದಾರೆ. ಕಿಣ್ವ ಜೀವಿಯಲ್ಲ, ಒಂದು ಪ್ರೋಟೀನ್ ಅಣು, ಅದಕ್ಕೆ ಸಾವೆಂಬುದಿಲ್ಲ. ಅದೇ ಪ್ರನಾಳವನ್ನು ತೆಗೆದು 37 ಡಿಗ್ರಿಯ ನೀರಿಗೆ ಇಳಿಸಿದರೆ ಕೆಲವೇ ನಿಮಿಷಗಳಲ್ಲಿ ನೀಲಿ ಕಂದಾಗಿ, ಕಂದು ಅಯೋಡಿನ್ನಿನ ತಿಳಿಹಳದಿಯಾಗಿ ಇಳಿಯುವುದನ್ನು ನೋಡಬಹುದು. ಚಳಿಯಲ್ಲಿ ಕಿಣ್ವದ ಆಕಾರ ಕೆಡುವುದಿಲ್ಲ, ಕೆಲಸ ಮಾತ್ರ ನಿಧಾನವಾಗುತ್ತದೆ. ಕುದಿಸಿದ ಪ್ರನಾಳವನ್ನು ಹೀಗೆ 37ಕ್ಕೆ ತಂದರೆ ಏನೂ ಆಗುವುದಿಲ್ಲ. ಬಿಸಿಗೂ ಚಳಿಗೂ ಇರುವ ಈ ವ್ಯತ್ಯಾಸವನ್ನು ಈ ಒಂದು ಅದಲುಬದಲಿನಷ್ಟು ಚೆನ್ನಾಗಿ ಬೇರೇನೂ ತೋರಿಸದು. ಎಷ್ಟೋ ವಿದ್ಯಾರ್ಥಿಗಳು ಇದನ್ನು ಮಾಡದೆ ಪ್ರನಾಳ ತೊಳೆದಿಟ್ಟುಬಿಡುತ್ತಾರೆ ಎಂಬುದು ನನ್ನ ಹಳೆಯ ಬೇಸರ.

ಜೀರ್ಣರಸಕ್ಕೆ ಬಿಸುಪು ಬೇಕು ಎಂಬ ಅರಿವು ಕಿಣ್ವ ಎಂಬ ಕಲ್ಪನೆಗಿಂತ ಹಳೆಯದು. ಹದಿನೆಂಟನೆಯ ಶತಮಾನದ ಇಟಲಿಯ ಲಜ್ಜಾರೋ ಸ್ಪಲಾಂಜಾನಿ ಪ್ರಾಣಿಗಳ ಜಠರರಸವನ್ನೂ ಮಾಂಸದ ಚೂರನ್ನೂ ಗಾಜಿನ ಕೊಳವೆಗಳಲ್ಲಿ ತುಂಬಿ, ಮೈಯ ಬಿಸಿ ತಾಗಲೆಂದು ಅವನ್ನು ತನ್ನ ಕಂಕುಳಲ್ಲಿ ಇರಿಸಿಕೊಂಡು ದಿನಗಟ್ಟಲೆ ಓಡಾಡಿದ. ಅಮೆರಿಕದ ಸೇನಾವೈದ್ಯ ವಿಲಿಯಂ ಬೋಮಾಂಟ್‌ಗೆ, 1822ರಲ್ಲಿ ಗುಂಡೇಟಿನಿಂದ ಹೊಟ್ಟೆಯಲ್ಲಿ ಮುಚ್ಚದ ರಂಧ್ರ ಉಳಿದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತ ಸಿಕ್ಕಿದ್ದ. ಆ ರಂಧ್ರದಿಂದ ತೆಗೆದ ರಸವನ್ನು ಸೀಸೆಯಲ್ಲಿ ಹಾಕಿ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಮಾಂಸ ಕರಗುತ್ತದೆ, ತಣ್ಣಗಿಟ್ಟರೆ ಹಾಗೆಯೇ ಉಳಿಯುತ್ತದೆ ಎಂದು ಅವನು ಕಂಡುಕೊಂಡು 1833ರಲ್ಲಿ ಪ್ರಕಟಿಸಿದ. ಆ ರಸದಲ್ಲಿ ಕೆಲಸ ಮಾಡುವ ವಸ್ತುವಿಗೆ ಪೆಪ್ಸಿನ್ ಎಂಬ ಹೆಸರನ್ನು ಥಿಯೊಡೋರ್ ಶ್ವಾನ್ ಕೊಟ್ಟದ್ದು ಮೂರು ವರ್ಷಗಳ ನಂತರ, 1836ರಲ್ಲಿ.

ಬಿಸಿ ಏರಿದಾಗ ಕೆಲಸ ಚುರುಕಾಗುವುದೇಕೆ? ಅಣುಗಳು ಜೋರಾಗಿ ಓಡಾಡಿ ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ ಎಂಬುದು ಸಾಮಾನ್ಯ ಉತ್ತರ. ಸುಳ್ಳಲ್ಲ, ಆದರೆ ಲೆಕ್ಕಕ್ಕೆ ಸಾಲದು. 27ರಿಂದ 37 ಡಿಗ್ರಿಗೆ ಏರುವುದೆಂದರೆ ನಿರಪೇಕ್ಷ ಮಾಪಕದಲ್ಲಿ 300ರಿಂದ 310 ಕೆಲ್ವಿನ್‌ಗೆ ಏರುವುದು. ಅಣುಗಳ ಸರಾಸರಿ ಚಲನಶಕ್ತಿ ಹೆಚ್ಚುವುದು ಸುಮಾರು ನೂರಕ್ಕೆ ಮೂರರಷ್ಟು, ವೇಗ ಹೆಚ್ಚುವುದು ಅದಕ್ಕೂ ಕಡಿಮೆ. ಕಿಣ್ವದ ಕೆಲಸವಾದರೋ ಇದೇ ಹತ್ತು ಡಿಗ್ರಿಯ ಏರಿಕೆಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮೂರು ಎಲ್ಲಿ, ನೂರು ಎಲ್ಲಿ? ಒಗಟು ಬಿಡಿಸುವುದು ಒಂದು ದಿಣ್ಣೆಯ ಕಲ್ಪನೆ. ಪಿಷ್ಟದ ಬಂಧ ಕಡಿಯಬೇಕಾದರೆ ಕಿಣ್ವಕ್ಕೆ ಅಂಟಿಕೊಂಡ ಪಿಷ್ಟ ಒಂದು ಶಕ್ತಿಯ ದಿಣ್ಣೆಯನ್ನು ಹತ್ತಿ ಇಳಿಯಬೇಕು. ಯಾವುದೇ ಕ್ಷಣದಲ್ಲಿ ಅಷ್ಟು ಶಕ್ತಿ ಕೂಡಿಕೊಂಡ ಅಣುಗಳು ತೀರಾ ಕೆಲವು; ಸರಾಸರಿ ಸ್ವಲ್ಪ ಏರಿದರೂ ಆ ಕೆಲವರ ಸಂಖ್ಯೆ ಬಹಳ ಏರುತ್ತದೆ. ತರಗತಿಯ ಸರಾಸರಿ ಅಂಕ ಒಂದೆರಡು ಹೆಚ್ಚಿದಾಗ ತೊಂಬತ್ತು ದಾಟಿದವರ ಸಂಖ್ಯೆ ಎರಡು ಪಟ್ಟಾಗಬಲ್ಲದಲ್ಲ, ಹಾಗೆ. ಉಷ್ಣತೆಗೂ ವೇಗಕ್ಕೂ ಇರುವ ಈ ಸಂಬಂಧವನ್ನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಸಮೀಕರಣವಾಗಿ ವಿವರಿಸಿದ. ಕಿಣ್ವವೆಂದರೆ ದಿಣ್ಣೆಯನ್ನು ತಗ್ಗಿಸುವ ಸಾಧನ. ಆದರೆ ಅದು ದಿಣ್ಣೆಯನ್ನು ಪೂರ್ತಿ ಸಮತಟ್ಟು ಮಾಡುವುದಿಲ್ಲ, ಹಾಗಾಗಿ ಉಳಿದ ಏರನ್ನು ಹತ್ತಲು ಬಿಸಿಯ ನೆರವು ಬೇಕೇ ಬೇಕು.

ಬಿಸಿ ಇದೇ ನೆರವನ್ನು ಕಿಣ್ವದ ನಾಶಕ್ಕೂ ಕೊಡುತ್ತದೆ. ಕಿಣ್ವ ಎಂಬುದು ನೂರಾರು ಅಮೈನೋ ಆಮ್ಲಗಳ ಉದ್ದನೆಯ ದಾರವನ್ನು ನಿರ್ದಿಷ್ಟ ರೀತಿಯಲ್ಲಿ ಮಡಚಿದ ಒಂದು ಉಂಡೆ. ದಾರದ ಉದ್ದಕ್ಕೂ ಇರುವ ಬಂಧಗಳು ಗಟ್ಟಿ. ಆದರೆ ಮಡಿಕೆಯನ್ನು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು, ವಿದ್ಯುದಾವೇಶಗಳ ಸೆಳೆತ, ಮತ್ತು ನೀರಿಗೆ ಬೆನ್ನುಹಾಕಿ ಒಳಗೆ ಅಡಗಿ ಕುಳಿತ ಜಿಡ್ಡುಗುಣದ ಭಾಗಗಳ ಒತ್ತಟ್ಟು. ಒಂದೊಂದೂ ದುರ್ಬಲ, ಒಟ್ಟಾಗಿ ಮಾತ್ರ ಬಲ. ಅಣುವಿನ ಕಂಪನ ಒಂದು ಮಿತಿ ದಾಟಿದಾಗ ಇವುಗಳಲ್ಲಿ ಕೆಲವು ಬಿಡುತ್ತವೆ. ಕೆಲವು ಬಿಟ್ಟದ್ದರಿಂದ ಉಳಿದವುಗಳ ಮೇಲೆ ಭಾರ ಹೆಚ್ಚುತ್ತದೆ. ಹೀಗಾಗಿ ಮಡಿಕೆ ಒಂದೊಂದೇ ಎಳೆಯಾಗಿ ಬಿಚ್ಚದೆ, ಕೆಲವೇ ಡಿಗ್ರಿಗಳ ಅಂತರದಲ್ಲಿ ಒಮ್ಮೆಲೇ ಕುಸಿಯುತ್ತದೆ. ಪಿಷ್ಟ ಬಂದು ಕೂರುವ ಸಕ್ರಿಯ ತಾಣದ ಅಮೈನೋ ಆಮ್ಲಗಳು ದಾರದಲ್ಲಿ ದೂರದೂರ ಇದ್ದು, ಮಡಿಕೆಯ ಕಾರಣದಿಂದ ಮಾತ್ರ ಒಂದೆಡೆ ಸೇರಿದವು. ಮಡಿಕೆ ಬಿಚ್ಚಿದರೆ ಆ ತಾಣವೇ ಇಲ್ಲವಾಗುತ್ತದೆ. ದಾರ ಹಾಗೆಯೇ ಇದೆ, ತುಂಡಾಗಿಲ್ಲ. ಬಿಚ್ಚಿದ ದಾರಗಳ ಜಿಡ್ಡುಗುಣದ ಭಾಗಗಳು ಒಂದಕ್ಕೊಂದು ಅಂಟಿಕೊಂಡು ಗಂಟಾದ ಮೇಲೆ, ತಣಿಸಿದರೂ ಹಳೆಯ ಮಡಿಕೆಗೆ ಮರಳುವ ದಾರಿ ಮುಚ್ಚಿಹೋಗುತ್ತದೆ. ಇದನ್ನೇ ಡಿನೇಚರ್ ಆಗುವುದು ಎನ್ನುತ್ತಾರೆ.

ಈಗ ನಿಮ್ಮ 50 ಡಿಗ್ರಿಯ ಪ್ರನಾಳಕ್ಕೆ ಬರೋಣ. ಪ್ರನಾಳದಲ್ಲಿ ಒಂದೇ ಹೊತ್ತಿಗೆ ಎರಡು ಓಟಗಳು ನಡೆಯುತ್ತಿವೆ: ಕಿಣ್ವ ಪಿಷ್ಟವನ್ನು ಕಡಿಯುವ ಓಟ, ಮತ್ತು ಕಿಣ್ವ ತಾನೇ ಬಿಚ್ಚಿಕೊಳ್ಳುವ ಓಟ. ಎರಡನ್ನೂ ಬಿಸಿ ಚುರುಕುಗೊಳಿಸುತ್ತದೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಕಡಿಯುವ ಕೆಲಸದ ದಿಣ್ಣೆ ಮೋಲ್‌ಗೆ 50 ಕಿಲೋಜೌಲ್ ಎಂದು ಇಟ್ಟುಕೊಂಡರೆ, 37ರಿಂದ 47 ಡಿಗ್ರಿಗೆ ಏರಿದಾಗ ಅದರ ವೇಗ 1.8 ಪಟ್ಟಾಗುತ್ತದೆ. ಬಿಚ್ಚಿಕೊಳ್ಳುವುದಕ್ಕೆ ಅನೇಕ ಬಂಧಗಳು ಒಟ್ಟಿಗೇ ಬಿಡಬೇಕಾದ್ದರಿಂದ ಅದರ ದಿಣ್ಣೆ ಬಹಳ ಎತ್ತರ. 300 ಕಿಲೋಜೌಲ್ ಎಂದು ಹಿಡಿದರೆ, ಅದೇ ಹತ್ತು ಡಿಗ್ರಿಗೆ ಬಿಚ್ಚಿಕೊಳ್ಳುವ ವೇಗ ಸುಮಾರು 38 ಪಟ್ಟಾಗುತ್ತದೆ. ದಿಣ್ಣೆ ಎತ್ತರವಿದ್ದಷ್ಟೂ ಉಷ್ಣತೆಗೆ ಸ್ಪಂದನ ತೀವ್ರ ಎಂಬುದು ಅರೇನಿಯಸ್ ಸಮೀಕರಣದ ನೇರ ಫಲ.

ಈ ಎರಡು ಅಂಕಿಗಳನ್ನು ಇಟ್ಟುಕೊಂಡು ಒಂದು ಕಾಲ್ಪನಿಕ ಕಿಣ್ವದ ಲೆಕ್ಕ ಮಾಡಿ ನೋಡಿ. 37 ಡಿಗ್ರಿಯಲ್ಲಿ ಅದರ ಅರ್ಧಭಾಗ ಕೆಡಲು 20 ಗಂಟೆ ಬೇಕು ಎನ್ನೋಣ. ಹಾಗಾದರೆ 47ರಲ್ಲಿ ಅರ್ಧ ಕೆಡಲು ಸುಮಾರು 32 ನಿಮಿಷ ಸಾಕು, 57ರಲ್ಲಿ ಸುಮಾರು ಒಂದೇ ನಿಮಿಷ. 37 ಡಿಗ್ರಿಯಲ್ಲಿ ಒಂದು ನಿಮಿಷಕ್ಕೆ ಕಡಿಯುವ ಪಿಷ್ಟವನ್ನು 1 ಎಂದು ಎಣಿಸಿದರೆ, ಮೊದಲ ಒಂದು ನಿಮಿಷದಲ್ಲಿ ಮೂರು ಪ್ರನಾಳಗಳ ಫಸಲು ಕ್ರಮವಾಗಿ 1, 1.8 ಮತ್ತು 2.4, ಗೆದ್ದದ್ದು 57. ಹತ್ತು ನಿಮಿಷದ ಹೊತ್ತಿಗೆ 10, 16 ಮತ್ತು 5, ಗೆದ್ದದ್ದು 47. ನಾಲ್ಕು ಗಂಟೆ ಬಿಟ್ಟು ಬಂದು ನೋಡಿದರೆ, ಕಡಿಯಲು ಬೇಕಾದಷ್ಟು ಪಿಷ್ಟ ಉಳಿದಿದ್ದರೆ, 224, 83 ಮತ್ತು ಅದೇ 5. ಈಗ 37 ಬಹಳ ಮುಂದಿದೆ. ಕಿಣ್ವ ಒಂದೇ, ಪಿಷ್ಟ ಒಂದೇ. ನಾವು ಗಡಿಯಾರ ನೋಡಿದ ಹೊತ್ತು ಮಾತ್ರ ಬೇರೆ, ಅಷ್ಟಕ್ಕೇ ಅತ್ಯುತ್ತಮ ಉಷ್ಣತೆ ಮೂರು ಸಲ ಬದಲಾಯಿತು. ಅತ್ಯುತ್ತಮ ಉಷ್ಣತೆ ಎಂಬುದು ಕರಗುವ ಬಿಂದುವಿನಂತೆ ವಸ್ತುವಿನ ಮೇಲೆ ಅಚ್ಚೊತ್ತಿದ ಗುಣವಲ್ಲ. ಎರಡು ಓಟಗಳ ನಡುವೆ, ಇಂತಿಷ್ಟು ಹೊತ್ತಿನ ಲೆಕ್ಕದಲ್ಲಿ, ಆದ ಒಂದು ರಾಜಿ. ಹೊತ್ತನ್ನು ಹೇಳದೆ ಡಿಗ್ರಿಯನ್ನು ಮಾತ್ರ ಹೇಳುವ ವಾಕ್ಯ ಅರ್ಧಕ್ಕೆ ನಿಂತಿದೆ ಎಂದು ಮೊದಲೇ ಅಂದದ್ದು ಇದಕ್ಕೆ. ನಿಮ್ಮ ಪ್ರನಾಳಗಳಲ್ಲಿ ಪಿಷ್ಟ ಕಡಿಮೆಯಿದ್ದು ಓಟ ಕೆಲವೇ ನಿಮಿಷಗಳಲ್ಲಿ ಮುಗಿದುಹೋದದ್ದರಿಂದ, 50 ಡಿಗ್ರಿಯಲ್ಲಿ ಅಮೈಲೇಸ್ ಕೆಡುವ ಮೊದಲೇ ಕೆಲಸ ಮುಗಿಸಿಬಿಟ್ಟಿತು.

ಹಾಗಾದರೆ 37 ಎಂಬ ಅಂಕಿ ಸುಳ್ಳೇ? ಅಲ್ಲ, ಅದು ನಮ್ಮ ದೇಹದ ಅಂಕಿ. ಆಹಾರ ಜಠರದಲ್ಲಿ ಮತ್ತು ಸಣ್ಣ ಕರುಳಿನಲ್ಲಿ ಇರುವುದು ನಿಮಿಷಗಳಲ್ಲ, ಗಂಟೆಗಳು; ಅಷ್ಟು ಹೊತ್ತು ಬಾಳಿಕೆ ಬರುವ ಕಿಣ್ವವೇ ಅಲ್ಲಿ ಉಪಯೋಗಕ್ಕೆ ಬರುವುದು. ದೇಹದ ಉಷ್ಣತೆ ಬೇರೆಯಾದರೆ ಕಿಣ್ವದ ಕಟ್ಟೂ ಬೇರೆಯಾಗುತ್ತದೆ. ಹಕ್ಕಿಗಳ ಮೈ ಸಾಮಾನ್ಯವಾಗಿ 40 ಡಿಗ್ರಿಗೂ ಮೇಲಿರುತ್ತದೆ, ಅವುಗಳ ಪೆಪ್ಸಿನ್ ಅಲ್ಲಿ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನಲ್ಲಿ ಬದುಕುವ ಕಾಡ್ ಮೀನಿನ ಟ್ರಿಪ್ಸಿನ್ನನ್ನು (ಕರುಳಿನಲ್ಲಿ ಪ್ರೋಟೀನ್ ಕಡಿಯುವ ಕಿಣ್ವ) ದನದ ಟ್ರಿಪ್ಸಿನ್ನಿನ ಜೊತೆ ಹೋಲಿಸಿದರೆ, ಕಡಿಮೆ ಉಷ್ಣತೆಯಲ್ಲಿ ಮೀನಿನದೇ ಹೆಚ್ಚು ಚುರುಕು, ಆದರೆ ಬಿಸಿಗೆ ಬೇಗ ಕೆಡುವುದೂ ಅದೇ. ಚಳಿಯಲ್ಲೂ ಕೆಲಸ ಸಾಗಬೇಕಾದರೆ ಅಣುವಿನ ಕಟ್ಟು ಬಿಗಿಯಾಗಿರದೆ ಬಳುಕುವಂತಿರಬೇಕು. ಬಳುಕುವ ಕಟ್ಟು ಬಿಸಿಯಲ್ಲಿ ನಿಲ್ಲುವುದಿಲ್ಲ. ಮೈಬಿಸಿಯನ್ನು ಒಳಗಿನಿಂದ ಕಾಯ್ದುಕೊಳ್ಳಲಾರದ ಹಾವುಗಳು ಬೇಟೆ ನುಂಗಿದ ಮೇಲೆ ಬೆಚ್ಚನೆಯ ಜಾಗ ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿದೆ. ಚಳಿಯಲ್ಲೇ ಉಳಿದರೆ ನುಂಗಿದ್ದು ಜೀರ್ಣವಾಗುವುದಕ್ಕಿಂತ ಮೊದಲು ಹೊಟ್ಟೆಯಲ್ಲೇ ಕೊಳೆಯುವ ಅಪಾಯವಿದೆ.

ಜೀರ್ಣಕಿಣ್ವಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ, ಇತರ ಕಿಣ್ವಗಳಿಗೆ ಇದು ಇಷ್ಟಾಗಿ ಇಲ್ಲ. ಪ್ರೋಟೀನನ್ನು ಕಡಿಯುವುದೇ ಟ್ರಿಪ್ಸಿನ್ನಿನ ಕಸುಬು, ಮತ್ತು ಅದು ತಾನೂ ಒಂದು ಪ್ರೋಟೀನ್. ಮಡಿಕೆ ಬಿಗಿಯಾಗಿರುವ ತನಕ ಒಂದು ಟ್ರಿಪ್ಸಿನ್ ಅಣುವಿನ ಬಾಯಿಗೆ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ. ಬಿಸಿಯಿಂದ ಮಡಿಕೆ ತುಸು ಸಡಿಲವಾದರೆ ಸಾಕು, ಪಕ್ಕದ ಅಣು ಅದನ್ನು ಕಡಿದುಹಾಕುತ್ತದೆ. ಹಾಗೆ ಕಡಿದದ್ದು ಎಷ್ಟು ತಣಿಸಿದರೂ ಮರಳಿ ಬಾರದು. ಅಣುವಿಗೆ ಅಂಟಿಕೊಳ್ಳುವ ಕ್ಯಾಲ್ಸಿಯಂ ಈ ಸಡಿಲಿಕೆಯನ್ನು ತಡೆಯುತ್ತದೆ. ಜೊಲ್ಲಿನ ಅಮೈಲೇಸ್‌ಗೂ ಕ್ಯಾಲ್ಸಿಯಂ ಇದೇ ರೀತಿಯ ಊರುಗೋಲು. ಅಮೆರಿಕದ ಜಾನ್ ನಾರ್ತ್‌ರಾಪ್ ಪೆಪ್ಸಿನ್ನನ್ನು ಹರಳುಗಟ್ಟಿಸಿ ಅದು ಪ್ರೋಟೀನೇ ಎಂದು ತೋರಿಸಿದವನು. ಅವನೇ 1932ರಲ್ಲಿ, ಟ್ರಿಪ್ಸಿನ್ನನ್ನು ಆಮ್ಲೀಯ ದ್ರಾವಣದಲ್ಲಿ ಕಾಯಿಸಿ ತಣಿಸಿದರೆ ಅದರ ಶಕ್ತಿ ಮರಳಿ ಬರುವುದನ್ನು ವಿವರಿಸಿದ. ಆಮ್ಲದಲ್ಲಿ ಟ್ರಿಪ್ಸಿನ್ನಿಗೆ ಕಡಿಯುವ ಬಲವಿಲ್ಲ, ಆದ್ದರಿಂದ ಬಿಚ್ಚಿಕೊಂಡ ಅಣುಗಳನ್ನು ತಿನ್ನುವವರೂ ಇಲ್ಲ. ಮೇದೋಜೀರಕ ಗ್ರಂಥಿಯ, ಆರ್‌ಎನ್‌ಎ ಕಡಿಯುವ ರೈಬೋನ್ಯೂಕ್ಲಿಯೇಸ್ ಇದಕ್ಕಿಂತ ಮೊಂಡು: 124 ಅಮೈನೋ ಆಮ್ಲಗಳ ಈ ಪುಟ್ಟ ಕಿಣ್ವವನ್ನು ನಾಲ್ಕು ಗಂಧಕ ಸೇತುವೆಗಳು ಬಿಗಿದಿರುವುದರಿಂದ, ಅದರ ದ್ರಾವಣವನ್ನು ಕುದಿಸಿದರೂ ತಣಿದಾಗ ಮತ್ತೆ ಮಡಚಿಕೊಂಡು ಕೆಲಸಕ್ಕೆ ನಿಲ್ಲುತ್ತದೆ. ಜೊತೆಗೆ ಬಂದ ಡಿಎನ್‌ಎ ಕಡಿಯುವ ಕಿಣ್ವಗಳನ್ನು ತೊಲಗಿಸಲು ಪ್ರಯೋಗಾಲಯಗಳಲ್ಲಿ ಅದನ್ನು ಬೇಕೆಂದೇ ಕುದಿಸುವ ರೂಢಿಯಿತ್ತು. ಕುದಿಸಿದರೆ ಎಲ್ಲ ಕಿಣ್ವಗಳೂ ಶಾಶ್ವತವಾಗಿ ಹಾಳು ಎಂದು ಬರೆಯುವ ಮುನ್ನ ಈ ಒಂದನ್ನಾದರೂ ನೆನೆಯುವುದು ಒಳ್ಳೆಯದು.

ಬಿಸಿ ಕಿಣ್ವವನ್ನು ಮಾತ್ರವಲ್ಲ, ಕಿಣ್ವ ಕಡಿಯಬೇಕಾದ ವಸ್ತುವನ್ನೂ ಬದಲಿಸುತ್ತದೆ. ಹಸಿ ಪಿಷ್ಟದ ಕಣ ಒತ್ತಾಗಿ ಕಟ್ಟಿದ ಗಟ್ಟಿ. ನೀರಿನಲ್ಲಿ ಸುಮಾರು 60ರಿಂದ 70 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ಉಬ್ಬಿ ಗಂಜಿಯಾಗುತ್ತದೆ, ಆಗ ಅಮೈಲೇಸ್‌ಗೆ ಒಳನುಗ್ಗಲು ದಾರಿಯಾಗುತ್ತದೆ. ನೀವು ಪಿಷ್ಟವನ್ನು ಮೊದಲು ಕುದಿಸಿ ದ್ರಾವಣ ಮಾಡಿಕೊಂಡದ್ದು ಇದಕ್ಕೇ. ಮೊಟ್ಟೆಯ ಪ್ರೋಟೀನಿನ ಮೇಲೆ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸಣ್ಣ ಕರುಳಿನ ಕೊನೆ ತಲುಪುವಷ್ಟರಲ್ಲಿ ನೂರಕ್ಕೆ 91ರಷ್ಟು ಜೀರ್ಣವಾಗಿತ್ತು, ಹಸಿಯದು 51ರಷ್ಟು ಮಾತ್ರ. ಪಾಲ್ಗೊಂಡವರು ಕೆಲವೇ ಮಂದಿ, ಆದರೂ ವ್ಯತ್ಯಾಸ ಸಣ್ಣದಲ್ಲ. ಬೆಂದಾಗ ಮೊಟ್ಟೆಯ ಪ್ರೋಟೀನಿನ ಮಡಿಕೆ ಬಿಚ್ಚುತ್ತದೆ, ಬಿಚ್ಚಿದ ದಾರ ಟ್ರಿಪ್ಸಿನ್ನಿಗೆ ಸುಲಭದ ತುತ್ತು. ಕಿಣ್ವಕ್ಕೆ ಕೇಡಾದ ಅದೇ ಡಿನೇಚರೇಶನ್ ಆಹಾರಕ್ಕೆ ಬಂದಾಗ ಜೀರ್ಣಕ್ಕೆ ಸಹಾಯ. ಕೊಬ್ಬಿನದೂ ಇಂಥದೇ ಕತೆ: ಕೊಬ್ಬು ಕಡಿಯುವ ಲೈಪೇಸ್ ಕಿಣ್ವ ಕೆಲಸ ಮಾಡುವುದು ಕೊಬ್ಬಿನ ಹನಿಯ ಮೇಲ್ಮೈಯಲ್ಲಿ, ಗಡ್ಡೆಕಟ್ಟಿದ ಕೊಬ್ಬು ಸಣ್ಣ ಹನಿಗಳಾಗಿ ಒಡೆಯುವುದಿಲ್ಲ.

ತಣ್ಣೀರಿನ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರಿಸುತ್ತೇನೆ. ಜಠರದಲ್ಲಿ 37 ಡಿಗ್ರಿಯ 250 ಮಿಲಿಲೀಟರ್ ಆಹಾರವಿದ್ದು, 5 ಡಿಗ್ರಿಯ ಅಷ್ಟೇ ನೀರು ಒಮ್ಮೆಗೇ ಬಿದ್ದು ಚೆನ್ನಾಗಿ ಬೆರೆತರೆ, ಮಿಶ್ರಣ 21 ಡಿಗ್ರಿಗೆ ಇಳಿಯುತ್ತದೆ. ಆ ಕ್ಷಣಕ್ಕೆ ಪೆಪ್ಸಿನ್ನಿನ ವೇಗ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ನೀರನ್ನು 37ಕ್ಕೆ ತರಲು ಬೇಕಾದ ಶಾಖ 8 ಕಿಲೋಕ್ಯಾಲೊರಿ. ಸುಮ್ಮನೆ ಕುಳಿತ ವಯಸ್ಕರ ದೇಹ ಗಂಟೆಗೆ ಸುಮಾರು 70 ಕಿಲೋಕ್ಯಾಲೊರಿ ಶಾಖ ಹುಟ್ಟಿಸುತ್ತದೆ. ರಕ್ತ ಹರಿಯುವ ಜಠರದ ಗೋಡೆ ಆ ಶಾಖವನ್ನು ಒದಗಿಸಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಒಳಗಿನ ಉಷ್ಣತೆಯನ್ನು ಮೊದಲಿನ ಮಟ್ಟಕ್ಕೆ ತರುತ್ತದೆ. ಈ ನಡುವೆ ಕಿಣ್ವ ಕೆಡುವುದಿಲ್ಲ. ನಿಮ್ಮ 0 ಡಿಗ್ರಿಯ ಪ್ರನಾಳವೇ ಇದಕ್ಕೆ ಸಾಕ್ಷಿ. ಗಂಟೆಗಟ್ಟಲೆ ನಡೆಯುವ, ಅದರಲ್ಲೂ ಬಹುಪಾಲು ಸಣ್ಣ ಕರುಳಿನಲ್ಲಿ ನಡೆಯುವ ಜೀರ್ಣಕ್ರಿಯೆಯಲ್ಲಿ ಈ ಅಲ್ಪ ವಿಳಂಬ ಆರೋಗ್ಯವಂತರಿಗೆ ಗಣನೆಗೆ ಬರುವಂಥದ್ದಲ್ಲ. ಕುದಿಬಿಸಿಯ ಪಾನೀಯವೂ ಜಠರದ ಕಿಣ್ವಗಳನ್ನು ಮುಟ್ಟಲಾರದು, ಏಕೆಂದರೆ ಅದಕ್ಕಿಂತ ಬಹಳ ಮೊದಲೇ ಬಾಯಿ ಸುಡುತ್ತದೆ.

ಜ್ವರದಲ್ಲಿ ಹಸಿವು ಕೆಡುವುದು ಕಿಣ್ವಗಳು ಬೆಂದುಹೋಗುವುದರಿಂದ ಎಂಬ ವಿವರಣೆಯನ್ನು ನಾನು ಅಚ್ಚಿನಲ್ಲೂ ನೋಡಿದ್ದೇನೆ, ಅದು ತಪ್ಪು. 40 ಡಿಗ್ರಿ ಜ್ವರದಲ್ಲಿ ಕಿಣ್ವದ ವೇಗ ಲೆಕ್ಕದ ಪ್ರಕಾರ ಐದನೇ ಒಂದು ಭಾಗದಷ್ಟು ಹೆಚ್ಚಬೇಕು. ಮೇಲಿನ ಕಾಲ್ಪನಿಕ ಕಿಣ್ವದ ಬಾಳಿಕೆ 20 ಗಂಟೆಯಿಂದ ಆರೂವರೆ ಗಂಟೆಗೆ ಇಳಿಯುತ್ತದೆ, ನಿಜ. ಆದರೆ ಗ್ರಂಥಿಗಳು ಪ್ರತಿ ಊಟಕ್ಕೂ ಹೊಸ ಕಿಣ್ವವನ್ನು ಸುರಿಸುತ್ತಿರುವಾಗ ಆ ಇಳಿಕೆ ಅಡ್ಡಿಯಲ್ಲ. ಹಸಿವು ಅಡಗಿಸುವುದು ಸೋಂಕಿನ ವಿರುದ್ಧ ದೇಹ ಬಿಡುಗಡೆ ಮಾಡುವ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನ್‌ಗಳು; ಅವು ಮೆದುಳಿನ ಮೇಲೆ ಪ್ರಭಾವ ಬೀರುತ್ತವೆ, ಜಠರ ಖಾಲಿಯಾಗುವುದನ್ನೂ ನಿಧಾನಿಸುತ್ತವೆ. ಉಷ್ಣತೆಯ ಎಚ್ಚರ ನಿಜವಾಗಿ ಬೇಕಾಗುವುದು ಮೇದೋಜೀರಕ ಗ್ರಂಥಿ ಕೆಲಸ ಮಾಡದ ರೋಗಿಗಳು ನುಂಗುವ ಕಿಣ್ವದ ಮಾತ್ರೆಗಳ ವಿಷಯದಲ್ಲಿ. ಒಣ ಸ್ಥಿತಿಯಲ್ಲಿ ಅವು ಬಿಸಿಯನ್ನು ನೀರಿನಲ್ಲಿದ್ದಾಗಿನದಕ್ಕಿಂತ ಹೆಚ್ಚು ತಾಳುತ್ತವೆ, ಏಕೆಂದರೆ ನೀರಿಲ್ಲದೆ ಮಡಿಕೆ ಬಿಚ್ಚುವುದು ಕಷ್ಟ. ಅದೇ ಪುಡಿಯನ್ನು ಬಿಸಿಬಿಸಿ ಆಹಾರಕ್ಕೆ ಕಲಸಿದರೆ ತಟ್ಟೆಯಲ್ಲೇ ಅದರ ಬಲ ಹೋಗುತ್ತದೆ.

ಪ್ರಯೋಗವನ್ನು ಇನ್ನೊಮ್ಮೆ ಮಾಡುವುದಾದರೆ ಒಂದೆರಡು ತಿದ್ದುಪಡಿಗಳು ಬೇಕು. ಪಿಷ್ಟವನ್ನೂ ಜೊಲ್ಲನ್ನೂ ಬೇರೆಬೇರೆ ಪ್ರನಾಳಗಳಲ್ಲಿ ಆಯಾ ಉಷ್ಣತೆಗೆ ಮೊದಲೇ ತಂದು ಆಮೇಲೆ ಬೆರೆಸಿ. ಇಲ್ಲದಿದ್ದರೆ ಮೊದಲ ಕೆಲವು ನಿಮಿಷ ಪ್ರನಾಳದ ಒಳಗಿರುವುದು ನೀರಿನ ತೊಟ್ಟಿಯ ಥರ್ಮಾಮೀಟರ್ ತೋರಿಸುವ ಉಷ್ಣತೆಯಲ್ಲ. ಆದರೆ 50 ಮತ್ತು ಅದಕ್ಕೂ ಮೇಲಿನ ತೊಟ್ಟಿಗಳಲ್ಲಿ ಜೊಲ್ಲನ್ನು ಒಂದೆರಡು ನಿಮಿಷಕ್ಕಿಂತ ಹೆಚ್ಚು ಕಾಯಲು ಬಿಡಬೇಡಿ, ಆ ಕಾಯುವಿಕೆಯಲ್ಲೇ ಅದು ಕೆಡುತ್ತಿರುತ್ತದೆ. ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, ಬದಲಾಗದಂತೆ ಹಿಡಿದಿಡುವ ದ್ರಾವಣವಾಗಿ ಫಾಸ್ಫೇಟ್ ಬಫರ್ ಬಳಸಿ. ಟ್ರಿಸ್ ಎಂಬ ಇನ್ನೊಂದು ಬಫರಿನ ಪಿಎಚ್ ಬಿಸಿ ಏರಿದಂತೆ ಪ್ರತಿ ಡಿಗ್ರಿಗೆ ಸುಮಾರು 0.03ರಷ್ಟು ಇಳಿಯುವುದರಿಂದ, ಉಷ್ಣತೆಯ ಪರಿಣಾಮ ಅಳೆಯುತ್ತಿದ್ದೇವೆ ಎಂದುಕೊಂಡು ಪಿಎಚ್‌ನ ಪರಿಣಾಮವನ್ನು ಅಳೆದಿರುತ್ತೇವೆ. ಜೊಲ್ಲನ್ನು ಚೆನ್ನಾಗಿ ತೆಳುವಾಗಿಸಿ ಪಿಷ್ಟವನ್ನು ಹೆಚ್ಚಿಸಿ, ಓಟ ಎರಡು ನಿಮಿಷಕ್ಕೇ ಮುಗಿಯದೆ ಗಂಟೆಗಟ್ಟಲೆ ನಡೆಯುವಂತಿರಲಿ. ತೆಳುವಾಗಿಸಲು ಬರಿಯ ನೀರಿನ ಬದಲು ತುಸು ಅಡುಗೆ ಉಪ್ಪು ಬೆರೆಸಿದ ನೀರು ಒಳ್ಳೆಯದು, ಅಮೈಲೇಸ್‌ಗೆ ಕ್ಲೋರೈಡ್ ಬೇಕು. ಕಡೆಯದಾಗಿ, ಒಂದೊಂದು ಉಷ್ಣತೆಯ ಹನಿಯನ್ನೂ 2, 10, 30 ಮತ್ತು 120ನೆಯ ನಿಮಿಷಗಳಲ್ಲಿ ಪರೀಕ್ಷಿಸಿ, ಆ ನಾಲ್ಕು ಹೊತ್ತಿಗೂ ಪ್ರತ್ಯೇಕವಾಗಿ, ಉಷ್ಣತೆಗೆ ಎದುರಾಗಿ ಫಲಿತವನ್ನು ಗುರುತಿಸಿದ ನಾಲ್ಕು ರೇಖೆಗಳನ್ನು ಒಂದೇ ಹಾಳೆಯಲ್ಲಿ ಎಳೆಯಿರಿ. ಎರಡನೆಯ ನಿಮಿಷದ ರೇಖೆಯ ನೆತ್ತಿ 50ರ ಆಸುಪಾಸಿನಲ್ಲಿ ಕಂಡರೆ, ಉಳಿದ ರೇಖೆಗಳ ನೆತ್ತಿ ಒಂದಾದ ಮೇಲೊಂದು ಎಡಕ್ಕೆ, 37ರ ಕಡೆಗೆ, ಜರುಗುತ್ತಾ ಹೋಗುವುದು ಆ ಹಾಳೆಯ ಮೇಲೆಯೇ ಕಾಣುತ್ತದೆ.